ಕೇಳದೆ ನಡೆದ ನಾಲ್ಕಡಿ ದಾರಿ

ಎಲ್ಲ ತಾಪತ್ರಯಕ್ಕೂ ಕಾರಣ ಬೇಕರಿಯವನು ಹೇಳಿದ ಒಂದು ಥ್ಯಾಂಕ್ಸು.

ಹೇಳಬಾರದ ಮಾತೇನೂ ಅಲ್ಲ ಅದು. ಬೇರೆ ಯಾರು, ಬೇರೆ ಎಲ್ಲಿ ಹೇಳಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಬೇಕರಿಯವನು ಅದನ್ನು ಹೇಳಿದ್ದು ಹೊಳೆಯ ದಂಡೆಯ ಮೇಲೆ, ಹೆಗಲಿಗೆ ಗಾಳದ ಕೋಲು ಏರಿಸಿಕೊಂಡು, ಹೆಡ್‌ಮಿಸ್ಸಿನ ಹಿತ್ತಲ ಅಂಚಿನಲ್ಲಿ ನಿಂತು. ಗಿಡಗಳಿಗೆ ನೀರು ಹಾಕುತ್ತಿದ್ದ ಹೆಡ್‌ಮಿಸ್ಸು ತಲೆ ಎತ್ತಿ, "ಹೋಗಪ್ಪ, ಧಾರಾಳವಾಗಿ ಹೋಗು" ಅಂದರು. ಇವನು ಮೂವತ್ತೆರಡೂ ಹಲ್ಲು ತೋರಿಸಿ "ಥ್ಯಾಂಕ್ಸ್ ಮಿಸ್" ಅಂದುಬಿಟ್ಟ. ಎಂಬತ್ತು ವರ್ಷದಿಂದ ಕಾಪಾಡಿಕೊಂಡು ಬಂದ ಹಕ್ಕು ಆ ಎರಡು ಮಾತಿಗೆ ನೀರುಪಾಲಾಗುವ ಹಂತಕ್ಕೆ ಬಂತು.

ವಿಷಯ ಇಷ್ಟೇ. ಸೇತುವೆಯಿಂದ ಕೆಳಗೆ ಒಡ್ಡಿನ ಕಲ್ಲಿನವರೆಗೆ ಹೊಳೆಯ ಈಚೆ ದಂಡೆಯೆಲ್ಲ ನಿವೃತ್ತ ಹೆಡ್‌ಮಿಸ್ಸಿನ ಹಿತ್ತಲಿಗೆ ಸೇರಿದ್ದು. ನೀರಿನ ಅಂಚಿನ ನಾಲ್ಕಡಿ ಅಗಲದ ದಾರಿಯಲ್ಲಿ ಮಾತ್ರ ಗಾಳಗಾರರು ಓಡಾಡಬಹುದು ಎಂದು ಮಿಸ್ಸಿನ ತಾತನಿಗೂ ಗಾಳಗಾರರ ಸಂಘಕ್ಕೂ ಒಂದು ಕರಾರಾಗಿತ್ತು. ಆ ತಾತ ಸಾಮಾನ್ಯ ತಲೆಯಲ್ಲ. ವರ್ಷಕ್ಕೊಮ್ಮೆಯಾದರೂ ಒಬ್ಬ ಗಾಳಗಾರ ಹಾಡಹಗಲಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮಾಲೀಕರ ಅನುಮತಿ ಕೇಳದೆ, ಅವರಾಗೇ ಕೊಟ್ಟರೂ ಒಪ್ಪಿಕೊಳ್ಳದೆ, ಮೂರು ಕಡೆ ಗಾಳ ಹಾಕುತ್ತ ಪೂರ್ತಿ ದಾರಿ ನಡೆಯಬೇಕು ಅಂತ ಬರೆಸಿದ್ದ. ಕೇಳದೆ ನಡೆದರೆ ಹಕ್ಕು, ಕೇಳಿ ನಡೆದರೆ ಉಪಕಾರ. ಒಂದು ಸಲ ಮಾಲೀಕರನ್ನು ಏನೇ ಕೇಳಿದವನು, ಕೊಟ್ಟ ಅನುಮತಿಗೆ ಒಪ್ಪಿದವನು ಮತ್ತೆಂದೂ ಆ ನಡಿಗೆಗೆ ಬರುವ ಹಾಗಿಲ್ಲ. ಯಾರೂ ನಡೆಯದೆ ವರ್ಷ ಮುಗಿದರೆ ಹಕ್ಕೂ ಮುಗಿಯಿತು.

ಹನ್ನೊಂದು ವರ್ಷ ಸಂಘದ ಪರವಾಗಿ ಎದೆ ಸೆಟೆದು ನಡೆದಿದ್ದವನು ಬೇಕರಿಯವನು. ಅವನ ಬಾಯಿಂದ ಥ್ಯಾಂಕ್ಸು ಜಾರಿದ ಮರುದಿನವೇ ಸಂಘದ ವರ್ಷ ಮುಗಿಯುವ ದಿನ. ಹೊತ್ತು ಮುಳುಗುವುದರೊಳಗೆ ಬೇರೆ ಯಾರಾದರೂ ನಡೆಯಬೇಕಿತ್ತು.

ಬೆಳಗ್ಗೆ ಎಂಟಕ್ಕೆ ಕ್ಷೌರದಂಗಡಿಯಲ್ಲಿ ತುರ್ತು ಸಭೆ ಸೇರಿತು. ಅಂಗಡಿಯವನೇ ಸಂಘದ ಅಧ್ಯಕ್ಷ. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು, ಕತ್ತಿ ಹಿಡಿದೇ ಭಾಷಣಕ್ಕೆ ನಿಂತ.

"ಹೆಡ್‌ಮಿಸ್ಸನ್ನ ಇದುವರೆಗೂ ಏನೂ ಕೇಳದೇ ಇರೋನು ಒಬ್ಬ ಬೇಕು. ಯಾರಿದ್ದೀರಿ? ಕೈ ಎತ್ತಿ."

ಹದಿನಾಲ್ಕು ಜನರಲ್ಲಿ ಒಂದು ಕೈಯೂ ಮೇಲೆ ಬರಲಿಲ್ಲ. ಅಲ್ಲಿದ್ದವರೆಲ್ಲ ಮಿಸ್ಸಿನ ಕೈಯಲ್ಲಿ ಮಗ್ಗಿ ಕಲಿತವರೇ. ಒಬ್ಬ ಅವರ ಮರದ ನೆರಳಲ್ಲಿ ಕೂರಲು ಕೇಳಿದ್ದ. ಇನ್ನೊಬ್ಬ ಬೇಲಿಯಾಚೆ ಹಾರಿಹೋದ ಟೋಪಿ ಎತ್ತಿಕೊಳ್ಳಲು ಕೇಳಿದ್ದ. ಅಧ್ಯಕ್ಷನೇ ಒಮ್ಮೆ ಕುಡಿಯಲು ನೀರು ಕೇಳಿ, ಎರಡು ಲೋಟ ಕುಡಿದು, ಮೇಲೆ ಕೈ ಬೇರೆ ಮುಗಿದು ಬಂದಿದ್ದ. ನೋಟರಿ ಕಚೇರಿಯ ಗುಮಾಸ್ತನಂತೂ ದಂಡೆಯಲ್ಲಿ ಓಡಾಡಲು ಲಿಖಿತ ಅರ್ಜಿ ಕೊಟ್ಟು, ಅರ್ಜಿ ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು, ಆ ಕಾಗದವನ್ನು ಈಗಲೂ ಜೋಪಾನವಾಗಿ ಇಟ್ಟಿದ್ದ.

"ಊರಿಗೆ ಊರೇ ಕೇಳಿ ಕೇಳಿ ಹಾಳಾಗಿದೆ," ಅಂದ ಅಧ್ಯಕ್ಷ.

ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಮೂಲೆಯ ಬೆಂಚಿನ ತುದಿಗೆ ಹೋಯಿತು. ಅಲ್ಲಿ, ಬೆಂಚಿಗೆ ಭಾರವಾಗದ ಹಾಗೆ ಅರ್ಧವೇ ಕೂತಿದ್ದವನು ಬೀಗ ರಿಪೇರಿಯ ಸಂಕೋಚಪ್ಪ.

ಸಂಕೋಚಪ್ಪ ಎನ್ನುವುದು ಊರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವನ ಅಂಗಡಿಯ ಬೋರ್ಡಿನ ಮೇಲೂ ಇರಲಿಲ್ಲ. ಎಂಥ ಬೀಗವನ್ನೂ ಎರಡು ನಿಮಿಷದಲ್ಲಿ ತೆರೆಯುವ ಕೈ ಅವನದು. ಬೀಗ ತೆರೆದ ಮೇಲೆ ಬಾಗಿಲು ತಳ್ಳಲು ಮಾತ್ರ ಮನೆಯವರನ್ನು ಕೇಳುತ್ತಿದ್ದ. ದಾರಿಗೆ ಅಡ್ಡ ಮಲಗಿದ ನಾಯಿಯನ್ನೂ "ಸ್ವಲ್ಪ ಹೋಗ್ಲಾ?" ಅಂತ ಕೇಳಿ, ಅದು ಏಳದಿದ್ದರೆ ಬೇರೆ ರಸ್ತೆ ಹಿಡಿಯುತ್ತಿದ್ದ. ಬಸ್ಸಿನಲ್ಲಿ ತನ್ನ ಕಾಲು ತುಳಿದವನಿಗೆ ತಾನೇ "ಕ್ಷಮಿಸಿ" ಅನ್ನುವ ಜಾತಿ.

"ನೀನು ಮಿಸ್ಸನ್ನ ಕೇಳಿದ್ದೀಯೇನಪ್ಪ?" ಅಂತ ಅಧ್ಯಕ್ಷ ಆಸೆಯೇ ಇಲ್ಲದ ದನಿಯಲ್ಲಿ ಕೇಳಿದ.

"ಇಲ್ಲ."

"ಒಂದು ಸಲಾನೂ?"

"ಕೇಳ್ಬೇಕು ಅಂದ್ರೆ ಅವರ ಹತ್ರ ಮಾತಾಡ್ಬೇಕಲ್ಲ. ನಂಗೆ ಅಷ್ಟು ಧೈರ್ಯ ಇಲ್ಲ," ಅಂದ ಸಂಕೋಚಪ್ಪ.

ಅಧ್ಯಕ್ಷ ಕತ್ತಿ ಕೆಳಗಿಟ್ಟು ಬಂದು ಅವನ ಎರಡೂ ಭುಜ ಹಿಡಿದುಕೊಂಡ. "ಇಪ್ಪತ್ತೆರಡು ವರ್ಷದಿಂದ ಆ ವಾಲಿದ ಮರದ ಮಡುವಿನಲ್ಲಿ ಗಾಳ ಹಾಕ್ತಿದ್ದೀಯಲ್ಲೋ. ಅಲ್ಲಿಗೆ ಹೇಗೆ ಹೋಗ್ತೀಯ ಮತ್ತೆ?"

"ಬೇಲಿ ಮರೇಲಿ ಬಗ್ಗಿಕೊಂಡು ಹೋಗ್ತೀನಿ. ಮಿಸ್ ಒಳಗಿದ್ದಾಗ."

ಯಾರೂ ನಗಲಿಲ್ಲ. ಹೇಡಿತನವೂ ಒಂದು ದಿನ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಸಂಘದಲ್ಲಿ ಉಳಿದಿದ್ದ ಏಕೈಕ ಅಪ್ಪಟ ಮನುಷ್ಯ ಅವನೇ. ನೊರೆ ಹಚ್ಚಿಸಿಕೊಂಡ ಗಿರಾಕಿ ತಾನು ಸಂಘದವನಲ್ಲ ಎನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದ.

ನಿಜ ಹೇಳಬೇಕೆಂದರೆ ಆ ಹಕ್ಕು ಹೋದರೆ ಉಳಿದ ಹದಿಮೂರು ಜನಕ್ಕೆ ಅಷ್ಟೇನೂ ನಷ್ಟವಿರಲಿಲ್ಲ. ಅವರು ಹೋಗಿ ಕೇಳುತ್ತಿದ್ದರು, ಮಿಸ್ಸು ಹೂಂ ಅನ್ನುತ್ತಿದ್ದರು. ಕೇಳಲಾಗದವನು ಸಂಕೋಚಪ್ಪ ಒಬ್ಬನೇ. ಬೀಗ ಹಿಡಿದು ದಿನವಿಡೀ ಊರವರ ಮಾತು ಕೇಳುವ ಮನುಷ್ಯ, ವಾಲಿದ ಮರದ ಕೆಳಗೆ ಕೂತ ಎರಡು ಗಂಟೆ ಮಾತ್ರ ಯಾರಿಗೂ ತಲೆ ಬಾಗಿಸದೆ ಇರುತ್ತಿದ್ದ. ದಾರಿ ಹೋದರೆ ಮಡು ಹೋಯಿತು, ಮಡು ಹೋದರೆ ಆ ಎರಡು ಗಂಟೆಯೂ ಹೋಯಿತು. ಅದು ನೆನಪಾಗಿಯೇ ಅವನು ಎದ್ದು ನಿಂತದ್ದು.

"ಹಾಗಾದ್ರೆ ನಾನು ಹೋಗ್ಬಹುದಾ?" ಅಂದ.

"ಅದೇ! ಅದನ್ನೇ ಅಲ್ಲಿ ಕೇಳ್ಬಾರ್ದು," ಅಂತ ಅಧ್ಯಕ್ಷ ಹಣೆ ಚಚ್ಚಿಕೊಂಡ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಚಕ್ರ ನಿಲ್ಲಿಸಿ ಎಲ್ಲವನ್ನೂ ಕೇಳಿದಳು. ಎದ್ದು ಅವನ ನೀಲಿ ಷರಟಿಗೆ ಇಸ್ತ್ರಿ ಹಾಕಿದಳು. ಮದುವೆಗಳಿಗೆ ಮಾತ್ರ ಹಾಕುವ ಷರಟು ಅದು.

"ಊಟಕ್ಕೆ ಬಡಿಸಿದ್ರೂ ಶುರು ಮಾಡ್ಲಾ ಅಂತ ಕೇಳ್ತೀರಿ ನೀವು. ಇವತ್ತೊಂದು ದಿನ ಯಾರನ್ನೂ ಏನೂ ಕೇಳದೆ ಒಂದು ಕೆಲಸ ಮುಗಿಸಿ ಬನ್ನಿ. ನಾನು ಇಡೀ ಓಣಿಗೆ ಹೇಳ್ಕೊಂಡು ತಿರುಗ್ತೀನಿ."

ಅವನು ಷರಟು ತೊಟ್ಟ, ಎರೆಹುಳುವಿನ ಡಬ್ಬಿ ತೆಗೆದುಕೊಂಡ, ಕೋಲು ಹಿಡಿದ. ಬಾಗಿಲಲ್ಲಿ ತಿರುಗಿ ನಿಂತು ಬಾಯಿ ತೆರೆದ. ಹೆಂಡತಿ ಬೇಕೆಂದೇ ಯಂತ್ರ ಜೋರಾಗಿ ತುಳಿಯತೊಡಗಿದಳು. ಅವನು ತೆರೆದ ಬಾಯಿ ಮುಚ್ಚಿಕೊಂಡು ಹೊರಟ.

ಮೂರು ಗಂಟೆಗೆ ಸೇತುವೆಯ ಬಳಿ ನಡಿಗೆ ಶುರು. ಅಷ್ಟರಲ್ಲಿ ಸುದ್ದಿ ಹರಡಿ ಆಚೆ ದಂಡೆಯ ಮೇಲೆ ನಲವತ್ತು ಐವತ್ತು ಜನ ಸೇರಿದ್ದರು. ಸಾಕ್ಷಿಯಾಗಿ ಹತ್ತು ಹೆಜ್ಜೆ ಹಿಂದೆ ನೋಟರಿ ಗುಮಾಸ್ತ ಬರಬೇಕು. ನಡಿಗೆಯ ದಾಖಲೆಯನ್ನು ಪ್ರತಿ ವರ್ಷ ಪುರಸಭೆ ಕಚೇರಿಗೆ ಒಪ್ಪಿಸಬೇಕಾದ್ದರಿಂದ ಅವನು ದಪ್ಪ ಪುಸ್ತಕ ಹಿಡಿದು ಬಂದಿದ್ದ. ತನ್ನ ಸ್ವಂತ ಮದುವೆಯಲ್ಲೂ ಬಂದವರ ಹೆಸರು, ಬಂದ ಸಮಯ ಬರೆದುಕೊಂಡ ಆಸಾಮಿ ಎಂದು ಅವನ ಬಗ್ಗೆ ಹೇಳುತ್ತಿದ್ದರು. ಕಂಡದ್ದನ್ನು ಬಿಡುವುದಿಲ್ಲ, ಕಾಣದ್ದನ್ನು ಸೇರಿಸುವುದಿಲ್ಲ.

ಅಧ್ಯಕ್ಷ ಅಂಗಡಿಯಿಂದ ತಂದ ಹತ್ತಿಯನ್ನು ಸಂಕೋಚಪ್ಪನ ಎರಡೂ ಕಿವಿಗೆ ತುರುಕಿದ. "ಮಿಸ್ಸು ಒಳ್ಳೆಯೋರು, ಅದೇ ಅಪಾಯ. ಹೋಗಪ್ಪ ಅಂತಾರೆ, ನೀನು ಕರಗಿಬಿಡ್ತೀಯ. ಏನು ಹೇಳಿದ್ರೂ ಕೇಳಿಸ್ಕೋಬೇಡ."

"ಏನಂದ್ರಿ?" ಅಂದ ಸಂಕೋಚಪ್ಪ.

"ಸರಿಯಾಗಿದೆ, ಹೊರಡು," ಅಂತ ಅಧ್ಯಕ್ಷ ಬೆನ್ನು ತಟ್ಟಿದ.

ಮೊದಲ ಹೆಜ್ಜೆಗೇ ಅವನ ಸೊಂಟ ತಾನಾಗಿ ಬಗ್ಗಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. "ನೆಟ್ಟಗೆ ನಡೀರಿ, ಎಲ್ಲರಿಗೂ ಕಾಣೋ ಹಾಗೆ ಅಂತ ಕರಾರಿನಲ್ಲಿದೆ," ಅಂತ ಗುಮಾಸ್ತ ಹಿಂದಿನಿಂದ ಕೂಗಿದ. ಸಂಕೋಚಪ್ಪ ನೆಟ್ಟಗಾದ. ನೆಟ್ಟಗೆ ನಿಂತು ನೋಡಿದರೆ ಬೇಲಿ ಅವನ ಎದೆಯವರೆಗೂ ಇರಲಿಲ್ಲ. ಇಷ್ಟು ವರ್ಷ ಇಷ್ಟು ಗಿಡ್ಡ ಬೇಲಿಗೆ ಹೆದರಿದೆನಲ್ಲ ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು.

ಕಲ್ಲುಬಂಡೆಯ ಬಳಿ ಮೊದಲ ಗಾಳ ಹಾಕಿದ. ಗುಮಾಸ್ತ ಬರೆದ: 'ಮೂರು ಗಂಟೆ ಹನ್ನೊಂದು ನಿಮಿಷ. ಮೊದಲನೆಯ ಗಾಳ. ಅನುಮತಿ ಕೇಳಲಿಲ್ಲ.'

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಹೆಡ್‌ಮಿಸ್ಸು ಕನ್ನಡಕ ಏರಿಸಿಕೊಂಡು, ಕೈಯಲ್ಲಿ ಒಂದು ಕಾಗದ ಹಿಡಿದು ಸರಸರ ಬೇಲಿಯ ಕಡೆ ಬಂದರು. "ಏಯ್, ಬೀಗದವನೇ, ಒಂದು ನಿಮಿಷ ನಿಲ್ಲೋ. ನಿಂಗೊಂದು ವಿಷಯ ಹೇಳ್ಬೇಕು."

ಹತ್ತಿ ದಾಟಿ ಬಂದದ್ದು ಅರ್ಧ ಮಾತು. ಕಾಗದ ಮಾತ್ರ ಪೂರ್ತಿ ಕಂಡಿತು. ಅನುಮತಿ ಪತ್ರವೇ ಇರಬೇಕು ಎಂದು ಸಂಕೋಚಪ್ಪ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡ. ಗುಮಾಸ್ತ ಮುಂದೆ ಬಂದು ಕೈ ಅಡ್ಡ ಹಿಡಿದ.

"ಕ್ಷಮಿಸ್ಬೇಕು ಮಿಸ್. ನಡಿಗೆ ಮುಗಿಯೋವರೆಗೆ ಮಾಲೀಕರ ಕಡೆಯಿಂದ ಮಾತಾಗಲಿ ಕಾಗದವಾಗಲಿ ತಗೊಳ್ಳೋ ಹಾಗಿಲ್ಲ."

"ನಾನು ಹೇಳೋದು ಕೇಳೋ ದಡ್ಡ."

"ದಡ್ಡ ಅಂದದ್ದನ್ನ ಬರ್ಕೊಂಡಿದ್ದೀನಿ ಮಿಸ್."

ಮಿಸ್ಸು ಒಳಗೆ ಹೋದರು. ಪೀಡೆ ತೊಲಗಿತು ಎಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಒಂದು ಪುಟ್ಟ ಕರಿಹಲಗೆ ಎತ್ತಿಕೊಂಡು ಮತ್ತೆ ಬಂದರು. ಸೀಮೆಸುಣ್ಣದಲ್ಲಿ, ಗುಂಡಗಿನ ಅಕ್ಷರದಲ್ಲಿ ಏನೋ ಬರೆದಿತ್ತು. ಕಿವಿಗೆ ಹತ್ತಿ ಇದೆ, ಕಣ್ಣಿಗೆ ಏನಿದೆ? ಸಂಕೋಚಪ್ಪ ಕಣ್ಣು ಮುಚ್ಚಿಕೊಂಡು ನಡೆಯತೊಡಗಿದ.

ಆಚೆ ದಂಡೆಯವರು ದಾರಿ ತೋರಿಸಲು ಶುರು ಮಾಡಿದರು. "ಎಡಕ್ಕೆ, ಎಡಕ್ಕೆ," ಅಂತ ಬೇಕರಿಯವನು. "ಅದು ನಮ್ಮ ಎಡ, ಅವನಿಗೆ ಬಲ," ಅಂತ ಅಧ್ಯಕ್ಷ. "ಅವನು ಆ ಕಡೆ ನಿಂತಿದ್ದಾನೆ, ಈ ಕಡೆ ನೋಡ್ತಿಲ್ಲ," ಅಂತ ಇನ್ಯಾರೋ. ನಾಲ್ಕಡಿ ದಾರಿಯಲ್ಲಿ ಇಷ್ಟು ಜನರ ಸಲಹೆ ಹಿಡಿಸುವುದಿಲ್ಲ. ಸಂಕೋಚಪ್ಪ ಐದನೇ ಅಡಿಯಲ್ಲಿ ಕಾಲಿಟ್ಟ, ಅಲ್ಲಿ ಹೊಳೆಯಿತ್ತು.

'ಮೂರು ಗಂಟೆ ಇಪ್ಪತ್ತೆರಡು ನಿಮಿಷ. ನಡೆಯುವವರು ನೀರಿಗೆ ಬಿದ್ದರು. ಬೀಳುವ ಮುನ್ನ ಅನುಮತಿ ಕೇಳಲಿಲ್ಲ,' ಎಂದು ಗುಮಾಸ್ತ ಬರೆದ.

ಸೊಂಟದವರೆಗಿನ ನೀರಿನಿಂದ ಅವನು ಕೋಲು ಬಿಡದೆ ಮೇಲೆ ಹತ್ತಿದ. ಮದುವೆಯ ಷರಟಿನಿಂದ ಕೆಸರು ಸೋರುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಎದುರಿಗೆ ಬೇಲಿಯ ಮೇಲಿಂದ ಒಂದು ಟವೆಲ್ಲು ಚಾಚಿಕೊಂಡು ಬಂತು. ಒಣಗಿದ, ಬೆಚ್ಚಗಿನ, ಮಡಿಸಿದ ಟವೆಲ್ಲು. ಸಂಕೋಚಪ್ಪನ ಕೈ ತಾನಾಗಿ ಮುಂದೆ ಹೋಯಿತು. ಗುಮಾಸ್ತ ಕೆಮ್ಮಿದ.

"ಕರಾರಿನಲ್ಲಿ ಟವೆಲ್ಲಿನ ಮಾತಿಲ್ಲ. ಆದ್ರೂ ಬೇಡ," ಅಂದ.

ಕೈ ಹಿಂದೆ ಬಂತು. ಆಮೇಲೆ ಆದದ್ದನ್ನು ಆಚೆ ದಂಡೆಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಹೆಡ್‌ಮಿಸ್ಸಿನ ಎದುರು ಬಾಯಿ ಬಿಡದಿದ್ದ ಮನುಷ್ಯ ಅವರ ಮುಖ ನೇರವಾಗಿ ನೋಡಿದ.

"ಬೇಡ ಮಿಸ್. ನಾನು ಇವತ್ತು ಯಾರನ್ನೂ ಕೇಳದೆ ಹೋಗೋಕೆ ಬಂದೋನು," ಅಂದ.

ಮಿಸ್ಸು ಕನ್ನಡಕದ ಮೇಲಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು, ಹಲಗೆಯನ್ನು ಬೇಲಿಗೆ ಒರಗಿಸಿದರು. "ಹಾಗೋ. ಸರಿ, ನಡಿ ಹಾಗಾದ್ರೆ," ಅಂತ ಮೆಲ್ಲಗೆ ಅಂದು, ಬೇಲಿಯ ಒಳಗಿನಿಂದ ಅವನ ಜೊತೆ ಜೊತೆಗೇ ನಡೆಯತೊಡಗಿದರು.

ಈಗ ಸಂಕೋಚಪ್ಪನ ನಡಿಗೆಯೇ ಬೇರೆಯಾಯಿತು. ಬೂಟಿನೊಳಗೆ ನೀರು ಪಚಪಚ ಅನ್ನುತ್ತಿದ್ದರೂ ಹೆಜ್ಜೆ ಸೇನೆಯವರ ಹೆಜ್ಜೆ. ಬೇಲಿಯಿಂದ ಹೊರಗೆ ಚಾಚಿದ್ದ ಕೊಂಬೆಯೊಂದು ಅಡ್ಡ ಬಂತು, ಅವನು ಅದನ್ನು ಕೇಳದೆಯೇ ಸರಿಸಿದ. ಎರಡನೆಯ ಗಾಳ ಹಾಕಿದ ರೀತಿಗೆ ಆಚೆ ದಂಡೆಯಿಂದ ಸಿಳ್ಳೆ ಬಂತು. ಬೇಕರಿಯವನು ಪಕ್ಕದಲ್ಲಿದ್ದವರಿಗೆಲ್ಲ "ನಮ್ಮ ಸಂಘದೋನು, ನಮ್ಮೋನು" ಎಂದು ಹೇಳುತ್ತ ಓಡಾಡಿದ. ಓಣಿಯ ಹೆಂಗಸರ ಗುಂಪಿನೊಂದಿಗೆ ಹೆಂಡತಿಯೂ ಬಂದು ನಿಂತಿದ್ದಳು. ಷರಟಿನ ಗತಿ ನೋಡಿಯೂ ಅವಳು ಏನೂ ಅನ್ನಲಿಲ್ಲ ಎಂದರೆ ಅವಳ ಹೆಮ್ಮೆ ಎಷ್ಟಿತ್ತೆಂದು ಊಹಿಸಬಹುದು.

ಮೂರನೆಯ ಗಾಳಕ್ಕೆ ಉಳಿದದ್ದು ವಾಲಿದ ಮರದ ಮಡು. ಅವನದೇ ಮಡು. ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದ. ಎರೆಹುಳು ಸಿಕ್ಕಿಸಿ ದಾರ ಬೀಸಿದ, ಬೆಂಡು ನೀರಿನ ಮೇಲೆ ಎರಡು ಸಲ ಕುಣಿಯಿತು, ಮೂರನೆಯ ಸಲ ಕಾಣದಂತೆ ಒಳಗೆ ಹೋಯಿತು. ಕೋಲು ಬಿಲ್ಲಿನ ಹಾಗೆ ಬಾಗಿತು.

ಮೀನು ನೀರಿನ ಮೇಲೆ ಒಮ್ಮೆ ಹೊರಳಿದಾಗ ಆಚೆ ದಂಡೆಯೆಲ್ಲ ಒಟ್ಟಿಗೆ "ಅಬ್ಬಾ" ಅಂದಿತು. ಸಂಕೋಚಪ್ಪನ ತೋಳಿನಷ್ಟು ಉದ್ದ, ಅವನ ತೊಡೆಯಷ್ಟು ದಪ್ಪ. ಈ ಹೊಳೆಯಲ್ಲಿ ಇಂಥದೊಂದು ಇದೆ ಎಂದು ಇಪ್ಪತ್ತೆರಡು ವರ್ಷದಿಂದ ಅವನು ಹೇಳುತ್ತಿದ್ದ. ಕೇಳಿದವರು ತಲೆ ಆಡಿಸಿ ಬೇರೆ ಮಾತು ತೆಗೆಯುತ್ತಿದ್ದರು. ಇವತ್ತು ಐವತ್ತು ಜನರ ಕಣ್ಣೆದುರು ಅದು ಅವನ ದಾರದ ತುದಿಯಲ್ಲಿತ್ತು.

ಕಾಲು ಗಂಟೆ ಎಳೆದಾಟ ನಡೆಯಿತು. ಕಿವಿಯ ಹತ್ತಿ ಎರಡೂ ಕಳಚಿ ಬಿತ್ತು. ಮೀನಿಗೆ ಸುಸ್ತಾಗುತ್ತಾ ಬಂತು ಅನ್ನುವಾಗ ಅದು ಕೊನೆಯ ಸಲ ಒದ್ದುಕೊಂಡು ಮಿಸ್ಸಿನ ಮೆಟ್ಟಿಲ ಕಡೆ ನುಗ್ಗಿತು. ದಾರಿಯಿಂದ ನೀರಿಗೆ ಇಳಿಯಲು ಬಟ್ಟೆ ಒಗೆಯುವವರಿಗಾಗಿ ಕಟ್ಟಿಸಿದ ಐದು ಕಲ್ಲು ಮೆಟ್ಟಿಲು. ಕೆಳಗಿನ ಮೆಟ್ಟಿಲಿನ ಕಬ್ಬಿಣದ ಬಳೆಗೆ ದಾರ ಎರಡು ಸುತ್ತು ಸುತ್ತಿಕೊಂಡಿತು. ಮೀನು ಅಲ್ಲೇ, ಕೈಯಳತೆಯಲ್ಲಿ, ಬಾಯಿ ತೆರೆದು ಮುಚ್ಚಿ ಮಾಡುತ್ತ ನಿಂತಿತು. ಎರಡು ಮೆಟ್ಟಿಲು ಇಳಿದು ಬಾಚಿದರೆ ಸಾಕು.

ಆದರೆ ದಾರಿ ಮಾತ್ರ ಗಾಳಗಾರರದು. ಮೆಟ್ಟಿಲು ಮಿಸ್ಸಿನದು. ಕೇಳದೆ ಇಳಿದರೆ ಅತಿಕ್ರಮಣ, ಕರಾರು ಮುರಿಯಿತು. ಕೇಳಿ ಇಳಿದರೆ ಉಪಕಾರ, ಹಕ್ಕು ಹೋಯಿತು.

"ಇಳಿಯೋ, ಮೀನು ಹೋಗುತ್ತೆ," ಅಂದರು ಅರ್ಧ ಜನ. "ಇಳೀಬೇಡ, ದಾರಿ ಹೋಗುತ್ತೆ," ಅಂದರು ಇನ್ನರ್ಧ ಜನ. ಅಧ್ಯಕ್ಷ ಎರಡನ್ನೂ ಕೂಗಿದ. ಗುಮಾಸ್ತ ಪೆನ್ನು ಎತ್ತಿ ಹಿಡಿದು ಕಣ್ಣು ಮಿಟುಕಿಸದೆ ನಿಂತ. ಬೇಲಿಯ ಬಾಗಿಲು ತೆರೆದು ಬಂದ ಹೆಡ್‌ಮಿಸ್ಸು ಮೇಲಿನ ಮೆಟ್ಟಿಲ ಮೇಲೆ ನಿಂತು ಮೆತ್ತಗೆ ಹೇಳಿದರು: "ಇಳಿದು ತಗೋ ಮರಿ. ಪಾಪ, ಎಷ್ಟು ಕಷ್ಟಪಟ್ಟಿದ್ದೀಯ."

ಸಂಕೋಚಪ್ಪ ಮೀನನ್ನು ನೋಡಿದ. ಅಂಥ ಮೀನು ಇನ್ನೊಂದು ಜನ್ಮಕ್ಕೂ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಜೇಬಿನಿಂದ ಪುಟ್ಟ ಚಾಕು ತೆಗೆದು ದಾರ ಕತ್ತರಿಸಿಬಿಟ್ಟ.

ಮೀನು ಒಂದು ಕ್ಷಣ ನಂಬಲಾಗದೆ ಅಲ್ಲೇ ನಿಂತು, ಆಮೇಲೆ ಬಾಲ ಬೀಸಿ ಹೊರಟುಹೋಯಿತು. ಗುಮಾಸ್ತ ಅದನ್ನೂ ಸಮಯ ಸಮೇತ ಬರೆದುಕೊಂಡ.

ಐದೂ ಕಾಲಿಗೆ ಸಂಕೋಚಪ್ಪ ಒಡ್ಡಿನ ಕಲ್ಲು ಮುಟ್ಟಿದ. ಆಮೇಲೆ ನಡೆದದ್ದನ್ನು ಜಾತ್ರೆ ಅನ್ನಬೇಕೋ ಗಲಾಟೆ ಅನ್ನಬೇಕೋ ತಿಳಿಯದು. ಜನ ಒಡ್ಡು ದಾಟಿ ಓಡಿ ಬಂದರು. ಅವನನ್ನು ಹೆಗಲ ಮೇಲೆ ಎತ್ತಿದರು, ಎತ್ತಲಾ ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷ ಅಳುತ್ತಾ, ಇನ್ನು ಜೀವಮಾನವಿಡೀ ನಿನಗೆ ನನ್ನ ಅಂಗಡಿಯಲ್ಲಿ ಸರದಿ ಇಲ್ಲ, ನೇರ ಕುರ್ಚಿಗೆ ಬಾ ಎಂದು ಘೋಷಿಸಿದ. ಹೆಂಡತಿ ಯಾರಿಗೋ "ನಮ್ಮನೆಯೋರು" ಅನ್ನುತ್ತಿದ್ದದ್ದು ಹೆಗಲ ಮೇಲಿದ್ದವನಿಗೆ ಕೇಳಿಸಿತು. ಆ ಮಾತನ್ನು ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

"ಮುಗೀತಾ ನಿಮ್ಮ ನಡಿಗೆ?" ಎಂದು ಹಿಂದಿನಿಂದ ದನಿ ಬಂತು. ಐವತ್ತು ಜನ ಒಟ್ಟಿಗೆ ಸುಮ್ಮನಾದರು. ಹೆಡ್‌ಮಿಸ್ಸಿನ ದನಿಗೆ ಆ ಶಕ್ತಿ ಇನ್ನೂ ಇತ್ತು.

"ಮುಗೀತು ಮಿಸ್. ಈಗ ಮಾತಾಡಬಹುದು," ಅಂದ ಗುಮಾಸ್ತ.

ಮಿಸ್ಸು ಆಗ ತೋರಿಸಲು ತಂದಿದ್ದ ಕಾಗದ ಬಿಡಿಸಿದರು. "ಈ ದಂಡೆ ನೋಡ್ಕೊಳ್ಳೋಕೆ ನನಗಿನ್ನು ಆಗಲ್ಲ. ಪುರಸಭೆಗೆ ದಾನ ಮಾಡಿದ್ದೀನಿ. ಮುದ್ರೆ ಬಿದ್ದ ಕಾಗದ ಇವತ್ತು ಬೆಳಗ್ಗೆ ಬಂತು. ಇನ್ನು ಮೇಲೆ ಇದು ಊರ ದಾರಿ, ಯಾರು ಬೇಕಾದ್ರೂ ಓಡಾಡ್ಬಹುದು. ವರ್ಷಕ್ಕೊಮ್ಮೆ ನಡಿಯೋ ಅವಶ್ಯಕತೆ ಇಲ್ಲ. ಅದನ್ನೇ ಎರಡು ಸಲ ಹೇಳೋಕೆ ಬಂದೆ."

ಸಂಕೋಚಪ್ಪನನ್ನು ಹೊತ್ತವರು ಮೆಲ್ಲಗೆ ಅವನನ್ನು ಕೆಳಗಿಳಿಸಿದರು.

"ಹಾಗಾದ್ರೆ ಆ ಮೀನು?" ಅಂದ ಅವನು.

"ಇಳಿದು ತಗೊಂಡಿದ್ರೆ ಏನೂ ಆಗ್ತಿರ್ಲಿಲ್ಲ," ಅಂದರು ಮಿಸ್ಸು. ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಮೂರನೇ ಸಲಾನೂ ಹೇಳ್ಬಹುದಿತ್ತು ಕಣೋ. ಆದ್ರೆ ನೀನು ನಡೆಯೋದು ನೋಡಿ, ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ," ಅಂದರು.

ಗುಮಾಸ್ತ ಆ ಕಾಗದವನ್ನು ತೆಗೆದುಕೊಂಡು ಕೊನೆಯ ಸಾಲಿನವರೆಗೂ ಓದಿದ. ಅದರಲ್ಲಿದ್ದ ಷರತ್ತನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಡೆಯಲು ಎಲ್ಲರಿಗೂ ಮುಕ್ತ, ಗಾಳ ಹಾಕುವವರು ಮಾತ್ರ ಮೊದಲು ಪುರಸಭೆಯಲ್ಲಿ ಅನುಮತಿ ಚೀಟಿ ಬರೆಸಿಕೊಳ್ಳಬೇಕು, ಚೀಟಿ ಬಿಟ್ಟಿ, ಚೀಟಿ ಇಲ್ಲದೆ ಗಾಳ ಹಾಕಿದ್ದು ಸಾಬೀತಾದರೆ ಒಂದು ವರ್ಷ ಆ ದಂಡೆಯಲ್ಲಿ ಗಾಳ ಹಿಡಿಯುವಂತಿಲ್ಲ. ಇದು ಇವತ್ತು ಬೆಳಗ್ಗೆಯಿಂದ ಜಾರಿ.

"ಸಾಬೀತಾದ್ರೆ ತಾನೇ?" ಅಂದ ಅಧ್ಯಕ್ಷ.

ಗುಮಾಸ್ತ ತನ್ನ ಪುಸ್ತಕ ಎತ್ತಿ ತೋರಿಸಿದ. ಹನ್ನೆರಡು ಪುಟ. ಮೂರು ಗಾಳ, ಮೂರಕ್ಕೂ ಸಮಯ, ಮೂರಕ್ಕೂ ಜಾಗ, ಪ್ರತಿ ಪುಟದಲ್ಲೂ 'ಅನುಮತಿ ಕೇಳಲಿಲ್ಲ'. ನಾಳೆ ಬೆಳಗ್ಗೆ ಇದನ್ನು ಒಪ್ಪಿಸಬೇಕಾದದ್ದು ಅದೇ ಪುರಸಭೆಗೆ.

"ಒಂದು ದಾರಿ ಇದೆ," ಅಂದ ಗುಮಾಸ್ತ ಪುಸ್ತಕದ ಕೊನೆಯ ಪುಟ ತಿರುವಿ. "ಕೊನೆಯ ಪುಟದಲ್ಲಿ ನಡೆದವರ ಸಹಿ ಬೇಕು. ಸಹಿ ಇಲ್ಲದಿದ್ರೆ ಇದು ದಾಖಲೆ ಅಲ್ಲ, ಬರೀ ಕಾಗದ. ನಡಿಗೆ ಆಗ್ಲೇ ಇಲ್ಲ ಅಂತ ಲೆಕ್ಕ."

ಅಧ್ಯಕ್ಷ ಸಂಕೋಚಪ್ಪನನ್ನು ಪಕ್ಕಕ್ಕೆ ಎಳೆದ. "ಸಹಿ ಹಾಕ್ಬೇಡ. ನಾಳೆ ಎಲ್ಲರೂ ಸಾಲಾಗಿ ಹೋಗಿ ಚೀಟಿ ಬರೆಸ್ಕೊಳ್ಳೋಣ, ನಿನ್ನ ಮಡು ನಿನಗೇ. ಸಹಿ ಹಾಕಿದ್ರೆ ವರ್ಷವೆಲ್ಲ ಸೇತುವೆ ಮೇಲೆ ನಿಂತು ನಾವು ಗಾಳ ಹಾಕೋದು ನೋಡ್ತಿರ್ಬೇಕು. ಯೋಚನೆ ಮಾಡು. ಮನೇಲಿ ಒಂದು ಮಾತು ಕೇಳು. ಮಿಸ್ಸನ್ನೂ ಕೇಳು, ಈಗ ಏನು ತೊಂದರೆ?"

ಸಂಕೋಚಪ್ಪ ಪುಸ್ತಕ ತೆಗೆದುಕೊಂಡು ಒಡ್ಡಿನ ಕಲ್ಲಿನ ಮೇಲೆ ಪೂರ್ತಿ ಕೂತ. ಮೊದಲ ಪುಟದಿಂದ ಓದಿದ. ನಡೆಯುವವರು ನೆಟ್ಟಗಾದರು. ನಡೆಯುವವರು ಟವೆಲ್ಲು ನಿರಾಕರಿಸಿದರು. ನಡೆಯುವವರು ಸ್ವಂತ ಮೀನಿನ ದಾರ ಕತ್ತರಿಸಿದರು. ತನ್ನ ಬಗ್ಗೆ ಯಾರಾದರೂ ಬಹುವಚನದಲ್ಲಿ ಬರೆದದ್ದನ್ನು ಅವನು ಹುಟ್ಟಿದಾಗಿನಿಂದ ಓದಿರಲಿಲ್ಲ. ಆ ಮನುಷ್ಯ ತಾನೇ ಎಂದು ನಂಬಲು ಅವನು ಕೆಲವು ಪುಟಗಳನ್ನು ಎರಡು ಸಲ ಓದಬೇಕಾಯಿತು. ಎದುರಿಗೆ ಮಡು ಇತ್ತು, ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಬಿಟ್ಟಿರುವುದು ಎಷ್ಟು ಕಷ್ಟ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವನು ಎದ್ದ. ಹೆಂಡತಿಯ ಕಡೆ ತಿರುಗಲಿಲ್ಲ, ಮಿಸ್ಸಿನ ಕಡೆ ತಿರುಗಲಿಲ್ಲ. ಗುಮಾಸ್ತನ ಕೈಯಲ್ಲಿದ್ದ ಪೆನ್ನನ್ನು ಸೀದಾ ಎಳೆದುಕೊಂಡು, ಕೊನೆಯ ಪುಟದಲ್ಲಿ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೊಂದು ಗೆರೆ ಎಳೆದ. ಪೆನ್ನನ್ನು ತನ್ನ ಒದ್ದೆ ಷರಟಿನ ಜೇಬಿಗೆ ಸಿಕ್ಕಿಸಿಕೊಂಡ.

ಗುಮಾಸ್ತ ಇನ್ನೂ ಸಹಿಯ ಸಮಯ ಬರೆಯಬೇಕಿತ್ತು. ಅವನು ಆ ಕಡೆ ಈ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಎರಡು ಹೆಜ್ಜೆ ಹತ್ತಿರ ಬಂದ.

"ತಪ್ಪು ತಿಳ್ಕೋಬೇಡಿ," ಅಂದ ಸಂಕೋಚದಿಂದ. "ಆ ಪೆನ್ನು ಒಂದು ನಿಮಿಷ ತಗೋಬಹುದಾ?"